ಹುಡುಕೋದಕ್ಕೂ ಕೂಲಿ ಕೊಡ್ತಾರಂತೆ ಕಣ್ರೀ!

ನಿಜ ಹೇಳಿ, ನಿನ್ನೆ ಸಾಯಂಕಾಲ ಮೊಬೈಲಲ್ಲಿ ಏನ್ ಹುಡುಕ್ತಿದ್ರಿ? ಅಮೃತೂರಿನ ನಿಮ್ಮ ಮನೆ ಜಗಲಿ ಮೇಲೆ ಕೂತು, ಸೂರಿಂದ ನೀರು ದಬದಬ ಸುರೀತಿದ್ರೂ 'ಅಮೃತೂರಲ್ಲಿ ಇವತ್ತು ಮಳೆ ಬರುತ್ತಾ' ಅಂತ ಒತ್ತಿದ್ರಿ ತಾನೇ? (ಸುಳ್ಳು ಹೇಳ್ಬೇಡಿ, ಮಗಳು ನೋಡಿ ನಕ್ಕಿದ್ದು ಬೀದಿಗೆಲ್ಲಾ ಕೇಳಿಸ್ತು.) ನಿಮಗೆ ಬೇಕಾಗಿದ್ದು ಮಳೆ ಸಮಾಚಾರ ಅಲ್ಲ, ಪಾಯಿಂಟು.

ಮೈಕ್ರೋಸಾಫ್ಟ್‌ನೋರ ಬಿಂಗ್‌ನಲ್ಲಿ ಹುಡುಕಿದ್ರೆ ಪಾಯಿಂಟ್ ಬೀಳುತ್ತೆ, ಪಾಯಿಂಟ್ ಕೂಡಿಸಿದ್ರೆ ಗಿಫ್ಟ್ ಕಾರ್ಡು. 2010ರಲ್ಲಿ ಅಮೆರಿಕದಲ್ಲಿ 'ಬಿಂಗ್ ರಿವಾರ್ಡ್ಸ್' ಅಂತ ಶುರುವಾಗಿದ್ದು, 2016ರಲ್ಲಿ 'ಮೈಕ್ರೋಸಾಫ್ಟ್ ರಿವಾರ್ಡ್ಸ್' ಆಯ್ತು. ದಿನಕ್ಕೆ ಇಷ್ಟೇ ಅಂತ ಮಿತಿ ಬೇರೆ ಇದೆ. ಮಿತಿ ಮುಟ್ಟೋ ತನಕ ನಿಮಗೆ ನಿದ್ದೆ ಬರಲ್ಲ, ಅದು ಬೇರೆ ಮಾತು.

ನಿಮ್ಮ ಹುಡುಕಾಟ ನಾನೂ ನೋಡಿದ್ದೀನಿ ಬುಡಿ. ಮೊದಲು 'ಮಾರ್ಕೋನಹಳ್ಳಿ ಡ್ಯಾಮ್ ನೀರು'. ಆಮೇಲೆ 'ಯಡಿಯೂರು ಜಾತ್ರೆ ಯಾವಾಗ'. ಆಮೇಲೆ 'ತಿಪಟೂರು ಕೊಬ್ಬರಿ ರೇಟು'. ತಲೆ ಖಾಲಿಯಾದ ಮೇಲೆ 'ಕೊಬ್ಬರಿ ರೇಟು ತಿಪಟೂರು'! ಹಿಂದುಮುಂದು ಮಾಡಿದ್ರೆ ಅದೂ ಒಂದು ಲೆಕ್ಕ. ಉತ್ತರ ಏನ್ ಬಂತು ಅಂತ ಓದಿದ್ರಾ? ಓದೋಕೆ ಪಾಯಿಂಟ್ ಎಲ್ಲಿ ಕೊಡ್ತಾರೆ!

ಇದೇನು ನಿಮಗೆ ಹೊಸ ಚಟ ಅಲ್ಲ. 2019ರ ದೀಪಾವಳಿ ಜ್ಞಾಪಕ ಇದೆಯಾ? ಗೂಗಲ್ ಪೇನೋರು ಐದು ಸ್ಟ್ಯಾಂಪ್ ಕೂಡಿಸಿದ್ರೆ 251 ರೂಪಾಯಿ ಅಂದ್ರು. ದೀಪ ಸಿಕ್ತು, ಜುಮಕಿ ಸಿಕ್ತು, ರಂಗೋಲಿ ಮಾತ್ರ ಸಿಗಲೇ ಇಲ್ಲ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಷಡ್ಡಕರಿಗೂ 'ಅಣ್ಣಾ, ಒಂದು ರಂಗೋಲಿ ಇದ್ರೆ ಕಳ್ಸಣ್ಣಾ' ಅಂತ ಮೆಸೇಜ್ ಹಾಕಿದೋರು ನೀವಲ್ವಾ? (ನಿಮ್ಮ ಮನೆ ಬಾಗಿಲಲ್ಲಿ ಅವತ್ತು ರಂಗೋಲಿ ಹಾಕಿರ್ಲಿಲ್ಲ ಅಂತಾನೂ ಕೇಳಿದ್ದೀನಿ.)

ಈಗ ಒಸಿ ಗಂಭೀರವಾಗಿ ಕೇಳಿ. ನಿಮ್ಮೂರಲ್ಲೇ ಒಬ್ಬರು ಎಣ್ಣೆ ಗಾಣ ಇಟ್ಟವ್ರೆ ಅಂತಿಟ್ಕೊಳ್ಳಿ. ಬೆಂಗಳೂರಿನೋರು ಕೊಂಡ್ಕೊಳ್ಳಲಿ ಅಂತ 'ಗಾಣದ ಕೊಬ್ಬರಿ ಎಣ್ಣೆ' ಅಂತ ಆನ್‌ಲೈನ್ ಜಾಹೀರಾತು ಕೊಟ್ಟವ್ರೆ. ನೀವು ಹಿಂಗೆ ಕೂಲಿಗೆ ಹುಡುಕಿದ್ರೆ ಆ ಯಜಮಾನ್ರಿಗೆ ನಷ್ಟವಾ?

ಬರೀ ಹುಡುಕಿದ್ರೆ ದುಡ್ಡು ಹೋಗಲ್ಲ. ಜಾಹೀರಾತು ಕಣ್ಣಿಗೆ ಬಿದ್ರೆ ಕಾಸಿಲ್ಲ, ಯಾರಾದ್ರೂ ಒತ್ತಿದ್ರೆ ಮಾತ್ರ ಕಾಸು. ಆದ್ರೆ ತೋರಿಸಿದಾಗ ಎಷ್ಟು ಜನ ಒತ್ತಾರು ಅನ್ನೋ ಅಂದಾಜಿನ ಮೇಲೂ ರೇಟು ನಿಂತಿರುತ್ತೆ. ನಿಮ್ಮಂಥೋರು ಸಾವಿರ ಜನ ಬರೀ ನೋಡಿ ಮುಂದಕ್ಕೆ ಹೋದ್ರೆ, ಆ ಅಂದಾಜು ಒಂಚೂರು ಕೆಡಬಹುದು. ಚಿಟಿಕೆಯಷ್ಟು.

ಆದ್ರೆ ನಿಮ್ಮ ಬೆರಳು ಸುಮ್ನಿರುತ್ತಾ? 'ಪಾಪ, ನಮ್ಮೂರೋರು' ಅಂತ ಒಂದ್ಸಲ ಒತ್ತೇಬಿಡ್ತೀರಿ. ಎಂಟು ರೂಪಾಯಿ ಅಂತಿಟ್ಕೊಳ್ಳಿ, ಯಜಮಾನ್ರ ಖಾತೆಯಿಂದ ಹೋಯ್ತು. ನೀವು ಎಣ್ಣೆ ತಗೊಂಡ್ರಾ? ನಿಮ್ಮನೇಲೇ ತೆಂಗಿನ ತೋಟ! ಕೂಲಿ, ಬಿರಿಯಾನಿ ಕೊಟ್ಟು ಬಸ್ಸಲ್ಲಿ ತುಂಬ್ಕೊಂಡು ಹೋದ ಜನ ನೋಡಿ ಕ್ಯಾಂಡಿಡೇಟು ಓಟು ಎಣಿಸ್ತಾನಲ್ಲ, ಹಂಗೇ ಆಯ್ತು ಯಜಮಾನ್ರ ಕಥೆ.

ಈ ಒತ್ತಾಟದ ಹೊಡೆತ ಸಣ್ಣದೇನಲ್ಲ. ಸುಳ್ಳು ಕ್ಲಿಕ್ಕಿಗೂ ದುಡ್ಡು ಕಿತ್ರು ಅಂತ ಜಾಹೀರಾತು ಕೊಟ್ಟೋರು ಕೋರ್ಟಿಗೆ ಹೋಗಿ, 2006ರಲ್ಲಿ ಗೂಗಲ್ 9 ಕೋಟಿ ಡಾಲರಿಗೆ ರಾಜಿ ಮಾಡ್ಕೊಂಡಿತ್ತು. ಈಗೆಲ್ಲಾ ಅನುಮಾನದ ಕ್ಲಿಕ್ಕು ಸೋಸ್ತಾರೆ, ಗೊತ್ತಾದ್ರೆ ದುಡ್ಡು ಖಾತೆಗೆ ವಾಪಸ್ ಹಾಕ್ತಾರೆ. ಆದ್ರೆ ನಿಮ್ಮ ಬೆರಳು ಯಂತ್ರದ್ದಲ್ಲವಲ್ಲ, ಅಸಲಿ ಅಮೃತೂರಿನ ಬೆರಳು. ಅದನ್ನ ಯಾವ ಜರಡಿ ಹಿಡೀತದೆ?

ಒತ್ತೋದಕ್ಕೇ ಕೂಲಿ ಅಂದ್ರೆ ಇನ್ನೂ ಮಜಾ. ನೋಯ್ಡಾದ 'ಸೋಷಿಯಲ್ ಟ್ರೇಡ್' ಗೊತ್ತಲ್ಲ? ಮೊದಲು ನೀವು 5,750ರಿಂದ 57,500 ರೂಪಾಯಿ ತನಕ ಕಟ್ಟಬೇಕು, ಆಮೇಲೆ ಕ್ಲಿಕ್ಕಿಗೆ 5 ರೂಪಾಯಿ. 2017ರ ಫೆಬ್ರವರೀಲಿ ಅದನ್ನ ನಡೆಸ್ತಿದ್ದೋರನ್ನ ಹಿಡಿದ ಪೊಲೀಸ್ನೋರು ಹೇಳಿದ ವಂಚನೆ ಲೆಕ್ಕ ಸುಮಾರು 3,700 ಕೋಟಿ ರೂಪಾಯಿ. ಹೊಸಬರು ಕಟ್ಟಿದ್ದನ್ನೇ ಹಳಬರಿಗೆ ಹಂಚ್ತಿದ್ರು ಅನ್ನೋದು ಆರೋಪ. ಅಲ್ಲಿ ಜಾಹೀರಾತುದಾರ ಕೆಟ್ಟನಾ ಅಂತ ಕೇಳೋ ಹಂಗೇ ಇಲ್ಲ, ಒತ್ತಿದೋನೇ ಕೆಟ್ಟ. (ನೀವು ಕಟ್ಟಿರ್ಲಿಲ್ಲ ತಾನೇ? ಯಾಕೆ ಆ ಕಡೆ ನೋಡ್ತಿದ್ದೀರಿ?)

ನ್ಯಾಯವಾದ ದಾರೀನೂ ಒಂದಿತ್ತು. 2008ರ ಮೇನಲ್ಲಿ ಮೈಕ್ರೋಸಾಫ್ಟು 'ಲೈವ್ ಸರ್ಚ್ ಕ್ಯಾಶ್‌ಬ್ಯಾಕ್' ಅಂತ ತಂತು. ಹುಡುಕಿ, ಸಾಮಾನು ಕೊಂಡ್ರೆ ಮಾತ್ರ ಕಾಸು ವಾಪಸ್. ವ್ಯಾಪಾರ ಆದ್ಮೇಲೇ ಅಂಗಡಿಯೋನ ಗಂಟು ಬಿಚ್ಚೋದು. ಅದು ಅಂದ್ಕೊಂಡಷ್ಟು ಜನಕ್ಕೆ ಹಿಡಿಸ್ಲಿಲ್ಲ, 2010ರ ಜುಲೈನಲ್ಲಿ ಬಾಗಿಲು ಹಾಕಿದ್ರು. ಕೊಂಡ್ರೇನೇ ಕೊಡ್ತೀವಿ ಅಂದ್ರೆ ಅಮೆರಿಕದೋರೂ ನಮ್ಮಂಗೇ ಕಣ್ರೀ, ಚೀಲ ಮಡಚ್ಕೊಂಡು ಹೊರಟುಬಿಡ್ತಾರೆ.

ಹಂಗಂತ ನಿಮ್ಮನ್ನೊಬ್ಬರನ್ನೇ ಕಟಕಟೆಗೆ ನಿಲ್ಸಲ್ಲ. ಹತ್ರ ಬನ್ನಿ, ಗುಟ್ಟು ಹೇಳ್ತೀನಿ. ಆಪಲ್ ಫೋನಿನ ಸಫಾರೀಲಿ ಹುಡುಕೋ ಜಾಗ ತನಗೇ ಇರಲಿ ಅಂತ ಗೂಗಲ್ 2022ರ ಒಂದೇ ವರ್ಷ ಆಪಲ್‌ಗೆ ಕೊಟ್ಟಿದ್ದು 2,000 ಕೋಟಿ ಡಾಲರು. ರೂಪಾಯಿ ಅಲ್ಲ, ಡಾಲರು! ಹುಡುಕೋರು ನೀವು, ಕೂಲಿ ಮಾತ್ರ ಫೋನ್ ಕಂಪನಿಗೆ.

2024ರ ಆಗಸ್ಟಲ್ಲಿ ಅಮೆರಿಕದ ಜಡ್ಜ್ ಅಮಿತ್ ಮೆಹ್ತಾ ಅವರು, ಹುಡುಕಾಟದಲ್ಲಿ ಗೂಗಲ್‌ದು ಏಕಸ್ವಾಮ್ಯ, ಅದನ್ನ ಕಾನೂನು ಮುರಿದು ಉಳಿಸ್ಕೊಂಡಿದೆ ಅಂದ್ರು. ಪೈಪೋಟಿ ಭಯ ಇಲ್ದೇ ಜಾಹೀರಾತಿನ ರೇಟು ಏರಿಸ್ತಾ ಬಂದಿದೆ ಅಂತಾನೂ ಬರೆದ್ರು. ನಿಮ್ಮ ಕೈಲಿರೋ ಆಂಡ್ರಾಯ್ಡ್ ಫೋನಿನ ವಿಚಾರಕ್ಕೆ ನಮ್ಮ ದೇಶದ ಸ್ಪರ್ಧಾ ಆಯೋಗಾನೂ 2022ರ ಅಕ್ಟೋಬರಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು.

ಈಗ ಹೇಳಿ, ಗಾಣದ ಯಜಮಾನ್ರ ಜೇಬಿಗೆ ದೊಡ್ಡ ಕೈ ಹಾಕಿದೋರು ಯಾರು? ಪಾಯಿಂಟಿಗೆ ಬಾಯಿಬಿಡೋ ನೀವಾ? ನನ್ನ ಕೇಳಿದ್ರೆ, ನಿಮ್ಮ ಪಾಯಿಂಟ್ ಆಸೆಯಿಂದ ಬಿಂಗ್ ಒಂಚೂರು ಮೇಲೆದ್ದು ಪೈಪೋಟಿ ಕೊಟ್ರೆ, ಯಜಮಾನ್ರಿಗೆ ರೇಟು ಇಳಿದ್ರೂ ಇಳೀಬಹುದು. (ಎದೆ ಉಬ್ಬಿಸ್ಬೇಡಿ, ಊರು ಉದ್ಧಾರ ಮಾಡೋಕೆ ನೀವು ಹುಡುಕ್ತಿರ್ಲಿಲ್ಲ.)

ಅಂದಂಗೆ ಮನೇಲಿ ಎಣ್ಣೆ ಮುಗಿದಿದೆಯಂತೆ, ನಿಮ್ಮವರು ಆಗಲೇ ಎರಡು ಸಲ ಕೂಗಿದ್ರು. ಮತ್ತೆ ಮೊಬೈಲ್ ಯಾಕೆ ತೆಗೀತೀರಿ? ಆ ಗಾಣದ ಮುಂದೇನೇ ಅಲ್ವಾ ನೀವು ದಿನಾ ಕುಣಿಗಲ್ ಬಸ್ಸಿಗೆ ಕಾಯೋದು? ಒಳಕ್ಕೆ ಹೋಗಿ ಕೇಳಿದ್ರೆ ಅವರಿಗೂ ಖರ್ಚಿಲ್ಲ, ನಿಮಗೂ ಖರ್ಚಿಲ್ಲ. ಪಾಯಿಂಟ್ ಬೀಳಲ್ಲ ಅಂತ ತಾನೇ ಯೋಚ್ನೆ ಮಾಡ್ತಿರೋದು?