ಏರ್ ಮೇಷ್ಟ್ರು

ನಾಗರಬಾವಿ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವವರೆಲ್ಲ ಬೋರ್ಡು ನೋಡುತ್ತಾರೆ. ಏರ್ ಮೇಷ್ಟ್ರು ಮಾತ್ರ ಕಿವಿ ಕೊಡುತ್ತಾರೆ. ಮೇಷ್ಟ್ರು ಎಂದು ಕರೆಸಿಕೊಂಡರೂ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸರ್ವಿಸ್ ಪೂರ್ತಿ ಬಸ್ ಡಿಪೋದ ಪಿಟ್ಟಿನಲ್ಲಿ ತಲೆಯೆತ್ತಿ ನಿಂತು, ಕತ್ತುನೋವಿನ ಸಮೇತ ರಿಟೈರಾದ ಮೆಕ್ಯಾನಿಕ್. ನೋವೂ ಹೋಗಲಿಲ್ಲ, ವಿದ್ಯೆಯೂ ಹೋಗಲಿಲ್ಲ.

ಬಸ್ಸು ಬಂದು ನಿಂತು ‘ಟುಸ್’ ಎಂದರೆ ಅವರ ಮುಖ ಅರಳುತ್ತದೆ: “ಅನ್‌ಲೋಡರ್ ಹೆಚ್ಚಾದ ಗಾಳಿ ಬಿಡ್ತು. ಬ್ರೇಕಿನ ಟ್ಯಾಂಕ್ ತುಂಬಿದೆ, ಒತ್ತಡ 8 ಕೆ.ಜಿ. ಇದೆ.” ನಿಂತಲ್ಲೇ ಮತ್ತೆ ಮತ್ತೆ ‘ಟುಸ್’ ಎಂದರೆ ಹುಬ್ಬು ಗಂಟಾಗುತ್ತದೆ: “ತುಂಬಿದ ಗಾಳಿ ಎಲ್ಲೋ ಸೋರ್ತಾ ಇದೆ.” ಎಷ್ಟು ಹೊತ್ತಾದರೂ ‘ಟುಸ್’ ಎನ್ನದ ಬಸ್ಸನ್ನು ಅವರು ಹತ್ತುವುದೇ ಇಲ್ಲ. ಹೀಗಾಗಿ ಯಾವ ಮದುವೆಗೂ ಮುಹೂರ್ತಕ್ಕೆ ತಲುಪಿದವರಲ್ಲ. ಊಟ ತಪ್ಪಿಸಿಕೊಂಡವರೂ ಅಲ್ಲ.

2023ರಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಗಿಸಿದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಮುಂಭಾಗದಲ್ಲಿ ಗಂಡಸರಿಗೆ ಕಾಲಿಡಲು ಜಾಗವಿಲ್ಲ. ಏರ್ ಗೇಜ್ ಇರುವುದೋ ಅಲ್ಲೇ. ಕಂಡಕ್ಟರ್ “ಹಿಂದೆ ಹೋಗಿ ಯಜಮಾನ್ರೇ” ಎಂದರೆ, “ಮುಳ್ಳು ನೋಡ್ಕೊಂಡು ಹೋಗ್ತೀನಪ್ಪಾ” ಎನ್ನುತ್ತಾರೆ. ನೋಡಿ ಮುಗಿಯುವಷ್ಟರಲ್ಲಿ ಚಂದ್ರಾ ಲೇಔಟ್ ಬಂದಿರುತ್ತದೆ.

ಸ್ಟಾಪಿನಲ್ಲಿ ಲಾ ಸ್ಕೂಲಿನ ಹುಡುಗರು ಸಿಕ್ಕರಂತೂ ಹಬ್ಬ. “1869ರಲ್ಲಿ ವೆಸ್ಟಿಂಗ್‌ಹೌಸ್ ಅನ್ನೋ ಹುಡುಗ ಗಾಳಿಯಿಂದ ರೈಲು ನಿಲ್ಲಿಸೋಕೆ ಪೇಟೆಂಟ್ ತಗೊಂಡ. ಆಗ ಅವನಿಗೆ 22 ವರ್ಷ. ನಿಮಗೆಷ್ಟು?” ಹುಡುಗರು ಮೊಬೈಲಿನಿಂದ ತಲೆಯೆತ್ತಿ ಪಾಪ, ತಮ್ಮ ವಯಸ್ಸು ಹೇಳುತ್ತಾರೆ. ಅವರಿಂದ ಮೇಷ್ಟ್ರು ಕಲಿತದ್ದೂ ಉಂಟು, ಒಂದೇ ಒಂದು ಸೂತ್ರ: ಸಾಬೀತಾಗುವವರೆಗೆ ಆರೋಪಿ ನಿರಪರಾಧಿ. ಅಂದಿನಿಂದ ಅವರು ನಾಗರಬಾವಿಯಲ್ಲಿ ಓಡಾಡುವ, ಬ್ರೇಕಿಗೆ ಗಾಳಿ ತುಂಬುವ ಸಕಲ ಕಂಪ್ರೆಸರ್‌ಗಳ ವಕೀಲರು.

ಆ ವಕಾಲತ್ತು ನಡೆಯುವುದು ರಿಂಗ್ ರೋಡಿನಲ್ಲಿ. ಒಂದು ಬೆಳಿಗ್ಗೆ ಎಂ-ಸ್ಯಾಂಡ್ ತುಂಬಿದ ಟಿಪ್ಪರ್ ನಡುರಸ್ತೆಯಲ್ಲಿ ನಿಂತಿತ್ತು. ಗಾಳಿ ಇಳಿದರೆ ಹಿಂಚಕ್ರದ ಸ್ಪ್ರಿಂಗ್ ಬ್ರೇಕು ತಾನೇ ಕಚ್ಚಿಕೊಳ್ಳುತ್ತದೆ. ಎಂಜಿನ್ ಎಷ್ಟು ಅರಚಿದರೂ ಗಾಡಿ ಕದಲದು. ಹಿಂದೆ ಕಣ್ಣು ಹಾಯುವಷ್ಟು ದೂರ ಹಾರನ್ನು. ಮನೆಗೆ ಪಾತ್ರೆ ಸೋಪು ತರಲು ಹೊರಟಿದ್ದ ಮೇಷ್ಟ್ರು, ಸೋಪು ಕೊಂಡ ಕೈಯಲ್ಲೇ ಹಾಜರಾದರು.

“ಏನಾಯ್ತಪ್ಪಾ?”

“ಕಂಪ್ರೆಸರ್ ಹೋಗೈತೆ ಯಜಮಾನ್ರೇ. ಹೊಸದು ಹಾಕ್ಬೇಕು ಅಂತ ಮೆಕ್ಯಾನಿಕ್ಕು ಫೋನಲ್ಲಿ ಹೇಳ್ದ.”

“ಫೋನಿಗೆ ಗಾಳಿ ಕಾಣುತ್ತಾ? ರೇಸ್ ಮಾಡು. ಮುಳ್ಳು ಎಲ್ಲಿವರ್ಗೂ ಬರುತ್ತೆ?”

“ನಾಕಕ್ಕೆ ಬಂದು ನಿಂತ್ಕೊಂಡ್ಬುಡ್ತದೆ.”

“ಅಂದ್ರೆ ಜೀವ ಇದೆ. ಈಗ ಆಫ್ ಮಾಡು. ಪೆಡಲ್ ಮುಟ್ಟಬೇಡ.”

ಪೆಡಲ್ ಮುಟ್ಟದೆಯೂ ಮುಳ್ಳು ಸರಸರನೆ ಇಳಿಯಿತು. ಪೆಡಲ್ ಒತ್ತಿದಾಗ ಮಾತ್ರ ಇಳಿದಿದ್ದರೆ ಬ್ರೇಕ್ ಚೇಂಬರಿನ ಡಯಾಫ್ರಮ್ ಮೇಲೆ ಅನುಮಾನ ಪಡಬೇಕಿತ್ತು. ಮೇಷ್ಟ್ರು ನೀರಿನ ಬಾಟಲಿಯಲ್ಲಿ ಸೋಪು ಕದಡಿ, ಪಂಚೆ ಮೇಲೆ ಕಟ್ಟಿ, ಗಾಡಿಯ ಕೆಳಗೆ ನುಸುಳಿದರು. ಟ್ಯಾಂಕಿನ ಪಕ್ಕದ ಪೈಪ್ ಜಾಯಿಂಟಿನಲ್ಲಿ ಬುಳುಬುಳು ಗುಳ್ಳೆ! ಸ್ಪ್ಯಾನರ್ ಹಾಕಿ ಬಿಗಿದದ್ದೇ ತಡ, ಎಂಜಿನ್ ಹಾಕುತ್ತಲೇ ಮುಳ್ಳು ಎಂಟಕ್ಕೆ ಏರಿತು. ‘ಟುಸ್!’

ಡ್ರೈವರ್ ಕೊಡಬಂದ ದುಡ್ಡನ್ನು ಅವರು ಮುಟ್ಟಲಿಲ್ಲ. ಆದರೆ ಅವನ ಕೈಯನ್ನು ಬಿಡಲಿಲ್ಲ. “ನೋಡು ತಮ್ಮಾ, ಮೊದ್ಲು ಸೋರಿಕೆ ಹುಡುಕು. ಆಮೇಲೆ ಗಾಳಿ ಒಳಗೆ ಹೋಗೋ ಫಿಲ್ಟರ್ ಕಟ್ಟಿದೆಯಾ ನೋಡು. ಡೆಲಿವರಿ ಪೈಪಿನಲ್ಲಿ ಮಸಿ ಕೂತಿದೆಯಾ ನೋಡು, ಕೂತ್ರೆ ಹೆಡ್ಡು ಕಾಯುತ್ತೆ. ಅನ್‌ಲೋಡರ್ ಸಿಕ್ಕೊಂಡಿದೆಯಾ ನೋಡು. ಬೆಳಿಗ್ಗೆ ಟ್ಯಾಂಕ್ ಡ್ರೈನ್ ತೆಗಿ, ನೀರಿನ ಜೊತೆ ಕರೀ ಆಯಿಲ್ ಬಂದ್ರೆ ಮಾತ್ರ ಪಿಸ್ಟನ್ ರಿಂಗ್ ಸವೆದಿರಬಹುದು ಅನ್ನು. ಕಂಪ್ರೆಸರ್ ಮೇಲೆ ಆಪಾದನೆ ಕೊನೇಗೆ.” ಗಾಳಿಯಿಲ್ಲದೆ ನಿಂತಿದ್ದ ಗಾಡಿ ಈಗ ಮಾತಿನಿಂದ ನಿಂತಿತು. ಕೊನೆಗೆ ಟ್ರಾಫಿಕ್ ಪೊಲೀಸಿನವರು ಬಂದು ಡ್ರೈವರನ್ನು ಬಿಡಿಸಿದರು.

ಮನೆಯಲ್ಲಿ ವಿಚಾರಣೆ.

“ರೀ, ಸೋಪೆಲ್ಲಿ?”

“ಲಾರಿಗಾಯ್ತು ಕಣೇ.”

“ಈ ಮನೇಲಿ ಗಾಳಿ ತುಂಬೋ ಕಂಪ್ರೆಸರ್ ನಾನು. ಲೀಕು ನೀವು.”

ಮೇಷ್ಟ್ರು ಕ್ಷಣ ಯೋಚಿಸಿ, ಪರೀಕ್ಷೆಯಲ್ಲಿ ಎಲ್ಲೂ ತಪ್ಪಿಲ್ಲವೆಂದು ಒಪ್ಪಿಕೊಂಡರಂತೆ.

ಎಲೆಕ್ಟ್ರಿಕ್ ಬಸ್ಸು ಬಂದಾಗ, ಅವರಂತೆಯೇ ಡಿಪೋದಿಂದ ರಿಟೈರಾದ ವಾಕಿಂಗ್ ಗೆಳೆಯರಲ್ಲಿ ಶೋಕ ಹರಡಿತು. ಎಂಜಿನ್ ಇಲ್ಲ, ಕ್ಲಚ್ ಇಲ್ಲವೆಂದು ತಿಳಿದು ಕ್ಲಚ್ ಪರಿಣತರು ಪಾರ್ಕಿಗೆ ಬರುವುದನ್ನೇ ಬಿಟ್ಟರು. ಡೀಸೆಲ್ ಪಂಪಿನ ಪರಿಣತರು ಭಗವದ್ಗೀತೆ ತರಗತಿಗೆ ಸೇರಿದರು. ಏರ್ ಮೇಷ್ಟ್ರು ಮಾತ್ರ ಆ ಬಸ್ಸು ಹತ್ತಿ, ಡ್ರೈವರನ್ನು ಪೀಡಿಸಿ, ವಿಷಯ ತಿಳಿದುಕೊಂಡು ಇಳಿದರು. ಅದಕ್ಕೂ ಏರ್ ಬ್ರೇಕೇ. ಕಂಪ್ರೆಸರನ್ನು ಕರೆಂಟಿನ ಮೋಟಾರು ಓಡಿಸುತ್ತದೆ, ಅಷ್ಟೆ. ಮೇಲಾಗಿ ಎಂಜಿನ್ ಗದ್ದಲವಿಲ್ಲದ್ದರಿಂದ ಸಣ್ಣ ಸೋರಿಕೆಯೂ ಸ್ಪಷ್ಟವಾಗಿ ಕೇಳುತ್ತದೆ!

“ಇನ್ನೂ ಇಪ್ಪತ್ತು ವರ್ಷ ನನ್ನ ಕೆಲಸಕ್ಕೆ ಮೋಸವಿಲ್ಲ” ಎಂದು ಈಗ ಎದೆಯುಬ್ಬಿಸಿ ಓಡಾಡುತ್ತಾರೆ. ಕೆಲಸಕ್ಕೆ ಅವರನ್ನು ಯಾರೂ ಕರೆದಿಲ್ಲ ಎಂಬುದೊಂದೇ ಸಣ್ಣ ಕೊರತೆ.