ಎರಡನೆಯ ಚಪ್ಪಲಿಗೆ ಮೊದಲು

ನಮ್ಮ ಮನೆಗೆ ಬಂದ ನೆಂಟರು ಕೂತ ಜಾಗದಲ್ಲೇ ಅಸಲು ವಿಷಯ ಹೇಳಿದ್ದನ್ನು ನಾನು ಕಂಡಿಲ್ಲ. ಕಾಫಿ ಕುಡಿದು, ಮಳೆ ಬೆಳೆ ವಿಚಾರಿಸಿ, ಹೊರಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ ಮೇಲೆ "ಅಂದ ಹಾಗೆ..." ಎಂದು ತಿರುಗುತ್ತಾರೆ. ಸಾಲ, ಜಾತಕ, ಸೈಟಿನ ತಕರಾರು ಎಲ್ಲ ಹೊರಬೀಳುವುದು ಎರಡನೆಯ ಚಪ್ಪಲಿಗೆ ಮೊದಲು. ಹಾಗಾಗಿ ಲಾಸ್ ಏಂಜಲೀಸಿನ ಪೊಲೀಸ್ ಲೆಫ್ಟಿನೆಂಟ್ ಕೊಲಂಬೊನನ್ನು ಟೀವಿಯಲ್ಲಿ ಮೊದಲ ಸಲ ಕಂಡಾಗ ಪರದೇಶದವನು ಅನ್ನಿಸಲೇ ಇಲ್ಲ. ತಿಪಟೂರಿನ ನಮ್ಮ ದೊಡ್ಡಪ್ಪನೇ ಮಳೆಕೋಟು ಹಾಕಿಕೊಂಡು ಬಂದಂತಿತ್ತು.

ಮುದುಡಿದ ಆ ಕೋಟು ನಟ ಪೀಟರ್ ಫಾಕ್‌ನ ಸ್ವಂತದ್ದಂತೆ. ಬಾಯಲ್ಲಿ ಸಿಗಾರ್, ಓಡಾಡಲು ಕೊನೆಯುಸಿರಿನ ಪೆಜೊ ಕಾರು. ಈ ಧಾರಾವಾಹಿಯಲ್ಲಿ ಕೊಂದವರು ಯಾರೆಂಬುದು ಗುಟ್ಟೇ ಅಲ್ಲ. ಸಾಮಾನ್ಯವಾಗಿ ಮೊದಲೇ ನಮ್ಮ ಕಣ್ಣೆದುರು ಕೊಲೆ ನಡೆದುಹೋಗುತ್ತದೆ. ಕೊಂದವರೋ, ಬಂಗಲೆ ಈಜುಕೊಳದವರು. ಈ ಪೆದ್ದ ತೊಲಗಿದನಲ್ಲ ಎಂದು ಅವರು ಉಸಿರು ಬಿಡುವಷ್ಟರಲ್ಲಿ ಬಾಗಿಲಿನಿಂದ ಹಿಂತಿರುಗಿ "ಇನ್ನೊಂದೇ ಒಂದು ವಿಷಯ" ಅನ್ನುತ್ತಾನೆ.

1971ರ ಒಂದು ಕಂತು ನನಗೆ ಅಚ್ಚುಮೆಚ್ಚು. ಖಾಸಗಿ ಪತ್ತೇದಾರಿ ಸಂಸ್ಥೆಯ ಯಜಮಾನನೇ ಕೊಲೆಗಾರ. ಸತ್ತವಳ ಕಣ್ಣಿನ ಒಂದು ಕಾಂಟ್ಯಾಕ್ಟ್ ಲೆನ್ಸ್ ಕಾಣೆಯಾಗಿದೆ ಎಂದು ಕೊಲಂಬೊ ಗಾಳಿಗೆ ಬಿಡುತ್ತಾನೆ. ಹೆಣ ಸಾಗಿಸಿದ ಡಿಕ್ಕಿಯಲ್ಲೇ ಅದು ಬಿದ್ದಿರಬೇಕೆಂದು ಆಸಾಮಿಗೆ ದಿಗಿಲು. ಆದರೆ ಅವನ ಕಾರು ಕೆಟ್ಟು ಗ್ಯಾರೇಜು ಸೇರಿದೆ. ರಾತ್ರಿ ಕದ್ದು ಹೋಗಿ ಡಿಕ್ಕಿ ತಡಕಾಡುವಾಗ ಸಿಕ್ಕಿಬೀಳುತ್ತಾನೆ. ಕಾರು ತಾನಾಗಿ ಕೆಟ್ಟಿತ್ತೇ? ಸೈಲೆನ್ಸರಿನ ಬಾಯಿಗೆ ಆಲೂಗಡ್ಡೆ ತುರುಕಿದ್ದವನು ನಮ್ಮ ಲೆಫ್ಟಿನೆಂಟು! ಪಲ್ಯಕ್ಕೂ ಸಾಗಿಗೂ ಮೀರಿದ ಉಪಯೋಗವೊಂದು ಆಲೂಗಡ್ಡೆಗೆ ಉಂಟೆಂದು ಅಂದೇ ತಿಳಿದದ್ದು.

ಇದನ್ನು ನೋಡುವಾಗ ಪಕ್ಕದಲ್ಲಿ ನನ್ನಾಕೆ ಅವರೆಕಾಳು ಹಿದುಕುತ್ತಿದ್ದಳು. ತಲೆಯೆತ್ತಿದ್ದನ್ನು ನಾನು ಕಾಣೆ.

ಎಂಟು ದಿನಕ್ಕೆ ಮದುವೆಮನೆಯಿಂದ ಮೈಸೂರುಪಾಕಿನ ಡಬ್ಬಿ ಬಂತು. ನನಗೆ ಸಕ್ಕರೆ ಕಾಯಿಲೆ. ಆದರೂ ಕೋರ್ಟಿನಲ್ಲಿ ಮೂವತ್ತು ವರ್ಷ ಶಿರಸ್ತೇದಾರಿಕೆ ಮಾಡಿದವನಿಗೆ ಸಾಕ್ಷ್ಯ ಉಳಿಸದೆ ತಿನ್ನುವುದು ಗೊತ್ತಿರುವುದಿಲ್ಲವೇ? ಮೇಲಿನ ಸಾಲು ಮುಟ್ಟದೆ ಕೆಳಗಿನದನ್ನು ಖಾಲಿ ಮಾಡಿದೆ, ಮೀಸೆಯನ್ನೂ ಒರೆಸಿಕೊಂಡೆ.

ರಾತ್ರಿ ಹಾಲಿನ ಲೋಟ ನನ್ನ ಕೈಗಿತ್ತು, ಅಡುಗೆಮನೆ ಬಾಗಿಲ ತನಕ ಹೋದವಳು ತಿರುಗಿದಳು.

"ಅಂದ ಹಾಗೆ, ನನ್ನ ಓಲೆಯ ತಿರುಪು ಕಂಡ್ರಾ? ಮೈಸೂರುಪಾಕನ್ನು ಡಬ್ಬಿಗೆ ಜೋಡಿಸುವಾಗ ಬಿದ್ದಿರಬೇಕು. ಕೆಳಗಿನ ಸಾಲಲ್ಲಿ."

ಹಾಲು ಗಂಟಲಲ್ಲಿ ನಿಂತಿತು. ಒಂದು ತುಂಡು ಕಟುಮ್ಮೆಂದದ್ದು ನೆನಪಾಯಿತು, ಸಕ್ಕರೆ ಹರಳೆಂದುಕೊಂಡಿದ್ದೆ. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಎಷ್ಟು ದಪ್ಪ ಇತ್ತೇ? ಚೂಪೇನು?" ಎಂದುಬಿಟ್ಟೆ.

ಅವಳು ಮಾತಾಡಲಿಲ್ಲ. ಸೆರಗಿನಿಂದ ಕಿವಿ ಒರೆಸಿಕೊಂಡು ಅತ್ತ ಒಂದು ಸಲ, ಇತ್ತ ಒಂದು ಸಲ ತಿರುಗಿದಳು. ಎರಡೂ ಓಲೆ, ಎರಡೂ ತಿರುಪು, ಭದ್ರ.

ಬಾಳಿನ ಅಷ್ಟೂ ಕಾನೂನು ನೆರವಿಗೆ ಬಂತು. "ನೋಡು, ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆ ನಮ್ಮಲ್ಲಿ ಆರೋಪಿಯ ವಿರುದ್ಧ ನಡೆಯಲ್ಲ. 1872ರ ಕಾಯಿದೆಯಲ್ಲೂ ಹಾಗೇ, ಈಗ ಬಂದಿರೋ ಹೊಸದರಲ್ಲೂ ಹಾಗೇ. ನಿನ್ನ ಕೊಲಂಬೊನೇ ಇಲ್ಲಿಗೆ ಬಂದರೂ..."

"ನಾನು ಪೊಲೀಸಲ್ಲ ಕಣ್ರೀ, ಹೆಂಡತಿ."

ಕೊಲಂಬೊ ಮಾತು ಮಾತಿಗೂ ತನ್ನ ಹೆಂಡತಿಯ ಸುದ್ದಿ ಎತ್ತುತ್ತಾನೆ. ಅವನ ಕಂತುಗಳಲ್ಲಿ ಆಕೆಯ ಮುಖವನ್ನು ಮಾತ್ರ ತೋರಿಸಿಯೇ ಇಲ್ಲ. ಆ ಕೇಸುಗಳನ್ನೆಲ್ಲ ನಿಜಕ್ಕೂ ಬಿಡಿಸುತ್ತಿದ್ದವರು ಯಾರೆಂದು ನನಗೆ ಅಂದಿನಿಂದ ಗುಮಾನಿ.

ಆಕೆ ದೀಪ ಆರಿಸಿ ಹೊರಟಳು. ಹೊಸ್ತಿಲಲ್ಲಿ ಮತ್ತೆ ನಿಂತು, ಇತ್ತ ತಿರುಗಿ ಬಾಯಿ ತೆರೆದಳು.

"ಕೋಡುಬಳೆನೂ ನಾನೇ," ಅಂದೆ.

"ಲೋಟ ಕೊಡಿ ಅನ್ನೋಣ ಅಂತಿದ್ದೆ," ಅಂದಳು.