ನಾಳೆ ಬಾ

ಹಾರನಹಳ್ಳಿ ಕಡೆ ಜುಲೈ ಬಂತೆಂದರೆ ಮನೆಗೊಬ್ಬರಿಗೆ ರಾತ್ರಿ ನಿದ್ದೆಯಿಲ್ಲ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಯಾರಾದರೂ ಕಾಯಲೇಬೇಕು. ನಮ್ಮಣ್ಣನ ಮನೆಯಲ್ಲಂತೂ ಈಗ ಇಬ್ಬರು ಕಾವಲುಗಾರರು. ಹೊರಗೆ ಸೌದೆ ತಳ್ಳುವ ಅಣ್ಣ, ಒಳಗೆ ಬೆಂಗಳೂರಿನ ಯಾವುದೋ ಕಂಪನಿಯ ಸರ್ವರ್ ಕಾಯುವ ಮಗ.

ಸರ್ವರ್ ಕೆಟ್ಟರೆ ತಾನೇ ಕೂಗುತ್ತದಲ್ಲ, ಕಾಯುವುದೇನು ಬಂತು? ಅದು ಕೂಗುವುದೇ ತೊಂದರೆಯಂತೆ. ಸಿಪಿಯು 80 ಪರ್ಸೆಂಟ್ ದಾಟಿದರೆ ಫೋನ್ ಮಾಡು ಎಂದು ಯಾರೋ ಪುಣ್ಯಾತ್ಮ ಬರೆದಿಟ್ಟಿದ್ದಾನೆ. ನಡುರಾತ್ರಿ ಬ್ಯಾಕಪ್ ಶುರುವಾದರೆ ಸಿಪಿಯು 90ಕ್ಕೆ ಹಾರುತ್ತದೆ, ಫೋನ್ ಬಡಿದುಕೊಳ್ಳುತ್ತದೆ, ಇವನು ಕಣ್ಣುಜ್ಜಿಕೊಂಡು ಕೂರುವಷ್ಟರಲ್ಲಿ ಎಲ್ಲ ತಣ್ಣಗೆ. ಕೂಗುಮಾರಿಗೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಹಾಗೆ ಇವನೂ ಫೋನನ್ನು ಸೈಲೆಂಟ್‌ಗೆ ಹಾಕಿ ಮಲಗುವುದನ್ನು ಕಲಿತ. ಡಿಸ್ಕ್ ನಿಜವಾಗಿ ತುಂಬಿದ ರಾತ್ರಿಯೂ ಸುಖವಾಗಿ ಮಲಗಿದ್ದ.

ಅಣ್ಣನ ಲೆಕ್ಕ ಬೇರೆ. ಬ್ಯಾರನ್ನಿನೊಳಗೆ ಎಲೆಗಳ ನಡುವೆ ಥರ್ಮಾಮೀಟರ್ ತೂಗುತ್ತದೆ. ಟಾರ್ಚ್ ಬಿಟ್ಟು ನೋಡುತ್ತಾನೆ. ಎಲೆ ಹಳದಿಗೆ ತಿರುಗುವಾಗ 100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ಕೊನೆಗೆ ನಡುದಂಟು ಒಣಗಿಸಲು 160. ಹಾಗಾದರೆ 160 ಅಪಾಯವೇ? ಮೊದಲ ದಿನವಾದರೆ ಎಲೆ ಕಂದಿ, ಕಂಪಲಾಪುರದ ಹರಾಜಿನಲ್ಲಿ ಮೂಸುವವರಿಲ್ಲ. ಕೊನೆಯ ದಿನ ಅಷ್ಟು ಏರದಿದ್ದರೇ ಆತಂಕ. “ಸೌದೆ ಹಾಕಿದೇಟ್ಗೆ ಏರ್ತದೆ, ಆಮೇಲ್ ಇಳೀತದೆ ಕಣ್ಲಾ. ಇಳೀದೇ ಹೋದ್ರೆ ಎದ್ದೋಗು” ಎಂದ ಮಗನಿಗೆ.

ಇದೇ ಮಾತಿಗೆ ಪ್ರೊಮಿತಿಯಸ್‌ನಲ್ಲಿ ‘ಫಾರ್’ ಎಂಬ ಒಂದು ಸಾಲಿದೆ. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಹುಟ್ಟಿದ ಕಾವಲು ತಂತ್ರಾಂಶ ಅದು. ಹತ್ತು ನಿಮಿಷ ಬಿಡದೆ ಹಾಗೇ ಇದ್ದರೆ ಮಾತ್ರ ಕೂಗು ಎಂದು ಅಲ್ಲಿ ಬರೆಯಬಹುದು. ಡಿಸ್ಕಿಗೂ ಅಷ್ಟೇ: 90ರ ಗೆರೆ ಎಳೆಯುವ ಬದಲು, ಈಗ ತುಂಬುವ ವೇಗದಲ್ಲೇ ಹೋದರೆ ನಾಲ್ಕು ಗಂಟೆಯೊಳಗೆ ಜಾಗ ಮುಗಿಯುತ್ತದೆಯೇ ಎಂದು ಕೇಳಬಹುದು. ಮೆಮೊರಿಯದು ಇನ್ನೂ ತಮಾಷೆ. ಲಿನಕ್ಸ್ ಖಾಲಿ ಮೆಮೊರಿಯನ್ನು ಸುಮ್ಮನೆ ಬಿಡುವ ಪೈಕಿಯಲ್ಲ. ಫೈಲುಗಳ ಕ್ಯಾಶ್ ಇಟ್ಟುಕೊಳ್ಳುತ್ತದೆ, ಬೇಕೆಂದಾಗ ಬಿಟ್ಟುಕೊಡುತ್ತದೆ. ‘ಫ್ರೀ’ ಕಾಲಂ ನೋಡಿ ಗಾಬರಿಯಾಗುವವರು ಅದೇ ಸಾಲಿನ ‘ಅವೈಲಬಲ್’ ಕಾಲಂ ನೋಡುವುದೇ ಇಲ್ಲ.

ಹುಡುಗ ಈಗ ಫೋನ್ ಬಡಿಯುವ ನಿಯಮಗಳನ್ನೆಲ್ಲ ತಿದ್ದಿದ್ದಾನೆ, ಅರ್ಧಕ್ಕರ್ಧ ಅಳಿಸಿದ್ದಾನೆ. ಇಂಥವನ್ನು ಬರೆಯುವ ಪುಣ್ಯಾತ್ಮರು ಓದುಗರಲ್ಲೂ ಇರಬಹುದು. ಸ್ವಾಮಿ, ಎದ್ದವನಿಗೆ ಆ ಹೊತ್ತಿನಲ್ಲಿ ಮಾಡಲು ಕೆಲಸವಿದ್ದರೆ ಎಬ್ಬಿಸಿ. ಇಲ್ಲದಿದ್ದರೆ ಬೆಳಿಗ್ಗೆ ಒಂದು ಈಮೇಲ್ ಹಾಕಿ.